ಪಿಕಪ್ ಮೇಲೆ ಸೋಲಾರ್ ಹಾಕಿಸಬೇಕು, 96 ಸಾವಿರ ಹೇಳ್ತಿದ್ದಾರೆ, ಸರಿನಾ?

ಬಿಸಿಲೂರವ (ಕಲಬುರಗಿ):
ನಮಸ್ಕಾರ ರೀ ಎಲ್ಲರಿಗೂ. ನನ್ನ ಹತ್ತಿರ ಒಂದು ಹಳೆ ಬೊಲೆರೊ ಪಿಕಪ್ ಇದೆ. ತೊಗರಿ ಹೊತ್ತು ಹೊತ್ತು ಅದಕ್ಕೂ ಸಾಕಾಗಿದೆ, ನನಗೂ. ಈಗ ಹಿಂದೆ ತಗಡಿನ ಡಬ್ಬ ಕಟ್ಟಿಸಿ ಮಲಗೋಕೆ ಹಲಗೆ ಹಾಕಿಸಿದ್ದೇನೆ. ನಾನು, ಹೆಂಡತಿ, ಆರು ವರ್ಷದ ಮಗಳು. ಸಂಕ್ರಾಂತಿಗೆ ಮೈಲಾಪುರ ಜಾತ್ರೆಗೆ ಹೋಗಿ ಅದರಲ್ಲೇ ಮಲಗಿ ಬಂದೆವು, ಚಳಿಗಾಲ ಅಂತ ನಡೀತು. ಬೇಸಿಗೆ ರಜೆಗೆ ಬಸವಕಲ್ಯಾಣ, ಬೀದರ್ ಕಡೆ ಹೋಗೋಣ ಅಂತಿದ್ದೇವೆ, ಫ್ಯಾನ್ ಇಲ್ಲದೆ ಆ ತಗಡಿನೊಳಗೆ ರೊಟ್ಟಿ ಥರ ಬೇಯ್ತೀವಿ.

ಇಲ್ಲಿನ ಒಂದು ಅಂಗಡಿಯವರು ಕೊಟ್ಟ ಲೆಕ್ಕ: 335 ವ್ಯಾಟ್ ಪ್ಯಾನಲ್ ಎರಡು 22,000, ಪಿಡಬ್ಲ್ಯುಎಂ ಕಂಟ್ರೋಲರ್ (ಪ್ಯಾನಲ್ಲಿಂದ ಬ್ಯಾಟರಿ ಚಾರ್ಜ್ ಮಾಡೋ ಡಬ್ಬಿ) 2,500, 150 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನೋ ಅಳತೆ) ಟ್ಯೂಬುಲರ್ ಬ್ಯಾಟರಿ ಎರಡು 34,000, ಇನ್ವರ್ಟರ್ 12,500, ಫಿಟ್ಟಿಂಗ್ ವೈರಿಂಗ್ 25,000. ಒಟ್ಟು 96,000. ಎರಡು ಫ್ಯಾನ್, ನಾಲ್ಕು ಲೈಟ್, ಮೊಬೈಲ್ ಚಾರ್ಜ್, ಆದ್ರೆ ಒಂದು ಸಣ್ಣ ಫ್ರಿಜ್. ಇಷ್ಟಕ್ಕೆ ಇಷ್ಟು ಬೇಕಾ? ಮತ್ತೆ ಸಬ್ಸಿಡಿ ಏನಾದರೂ ಸಿಗುತ್ತಾ?

ಬೀದರ್ ಬೋಗಿ:
ಅಣ್ಣಾ, ಮೊದಲು ಒಂದು ಮಾತು. ಡಬ್ಬದ ಮಾಳಿಗೆ ಅಳತೆ ಎಷ್ಟು? ಆ 335ರ ಪ್ಯಾನಲ್ ಹೆಚ್ಚುಕಮ್ಮಿ ಆರೂವರೆ ಅಡಿ ಉದ್ದ, ಮೂರೂಕಾಲು ಅಡಿ ಅಗಲ ಇರುತ್ತೆ. ಎರಡು ಕೂರುತ್ತಾ ಅಂತ ಯಾರಾದರೂ ಟೇಪ್ ಹಿಡಿದು ನೋಡಿದ್ದಾರಾ?

ಇನ್ನು ಆ ಪಿಡಬ್ಲ್ಯುಎಂ. ಅದನ್ನು ಬಿಟ್ಟುಬಿಡಿ. ಈ ದೊಡ್ಡ ಪ್ಯಾನಲ್ 38 ವೋಲ್ಟ್ ಹತ್ತಿರ ಕೆಲಸ ಮಾಡುತ್ತೆ, ಕರೆಂಟ್ 9 ಆಂಪ್ಸ್‌ಗಿಂತ ಸ್ವಲ್ಪ ಕಮ್ಮಿ. ಪಿಡಬ್ಲ್ಯುಎಂ ಏನು ಮಾಡುತ್ತೆ ಅಂದ್ರೆ ಪ್ಯಾನಲನ್ನು ಬ್ಯಾಟರಿಯ 13 ವೋಲ್ಟ್‌ಗೆ ಎಳೆದುಬಿಡುತ್ತೆ, ಆಂಪ್ಸ್ ಮಾತ್ರ ಅಷ್ಟೇ ಉಳಿಯುತ್ತೆ. 13 ಇಂಟು 9, ಅಂದ್ರೆ 335 ವ್ಯಾಟಿಗೆ ದುಡ್ಡು ಕೊಟ್ಟು 115 ವ್ಯಾಟ್ ತಗೊಂಡ ಹಾಗೆ. ಎಂಪಿಪಿಟಿ ಅನ್ನೋ ಬೇರೆ ಥರದ ಕಂಟ್ರೋಲರ್ ಹಾಕಿ, ಅದು ಹೆಚ್ಚಿನ ವೋಲ್ಟೇಜನ್ನು ಆಂಪ್ಸ್ ಆಗಿ ಬದಲಿಸಿ ಕೊಡುತ್ತೆ. ಆಗ ಒಂದೇ ಪ್ಯಾನಲ್ ಸಾಕು.

ಲೆಕ್ಕ ಮಾಡಿ ನೋಡಿ. 12 ವೋಲ್ಟಿನ ಎರಡು ಫ್ಯಾನ್ 25 ವ್ಯಾಟಿನವು, ಹತ್ತು ಗಂಟೆಗೆ ಅರ್ಧ ಯೂನಿಟ್, ಅಂದ್ರೆ 500 ವ್ಯಾಟ್ ಅವರ್. ಲೈಟು, ಮೊಬೈಲು ಸೇರಿ 150 ವ್ಯಾಟ್ ಅವರ್. ಫ್ರಿಜ್ಜಿಗೆ ನಮ್ಮ ಬೇಸಿಗೇಲಿ ಅರ್ಧ ಯೂನಿಟ್ ಇಟ್ಟುಕೊಳ್ಳಿ. ದಿನಕ್ಕೆ 1.15 ಯೂನಿಟ್. ಒಂದು ಪ್ಯಾನಲ್ ಐದು ತಾಸು ಒಳ್ಳೆ ಬಿಸಿಲಿಗೆ, ಕಾವು, ಧೂಳು ಅಂತ ಮೂವತ್ತು ಪರ್ಸೆಂಟ್ ಕಳೆದರೂ, ಅಷ್ಟನ್ನು ಕೊಡುತ್ತೆ. ಹೌದು, ಕಾವು ಜಾಸ್ತಿ ಅಂದ್ರೆ ಕರೆಂಟೂ ಜಾಸ್ತಿ ಅಂತ ಅಲ್ಲ. ಪ್ಯಾನಲ್ ಕಾದಷ್ಟೂ ಅದರ ದಮ್ಮು ಇಳಿಯುತ್ತೆ.

ನಾನು ಹೋದ ವರ್ಷ ಕೊಟ್ಟಿದ್ದು: ಪ್ಯಾನಲ್ 10,000, 30 ಆಂಪ್ಸ್ ಎಂಪಿಪಿಟಿ 6,500, 100 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ 26,000, ವೈರು ಫ್ಯೂಸು 5,000, ಮೇಲಿನ ಸ್ಟ್ಯಾಂಡ್ 4,000. ಒಟ್ಟು 51,500. ಇನ್ವರ್ಟರೇ ಹಾಕಿಲ್ಲ, ಎಲ್ಲಾ 12 ವೋಲ್ಟಿನ ಸಾಮಾನು. ಟ್ಯೂಬುಲರ್ ಒಂದೊಂದೇ ಐವತ್ತು ಕೆಜಿ ಮೇಲೆ ತೂಗುತ್ತೆ, ಅದರ ಚಾರ್ಜಿನಲ್ಲಿ ಅರ್ಧ ಮಾತ್ರ ಬಳಸಬೇಕು. ಲಿಥಿಯಂ ಹನ್ನೆರಡು ಕೆಜಿ ಆಸುಪಾಸು, ಎಂಬತ್ತು ಪರ್ಸೆಂಟ್ ಬಳಸಬಹುದು.

ಸಬ್ಸಿಡಿ ಸಿಗಲ್ಲ. ಕೇಂದ್ರದ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್ ಮನೆ ಮಾಳಿಗೆಗೆ, ಗ್ರಿಡ್‌ಗೆ (ಊರಿನ ಕರೆಂಟ್ ಲೈನಿಗೆ) ಜೋಡಿಸಿದ್ದಕ್ಕೆ ಮಾತ್ರ.

ವೈರ್‌ಮನ್ ಯಾದಗಿರಿ:
ಮೇಲಿನವರು ಹೇಳಿದ್ದು ಸರಿ ಇದೆ. ನನ್ನ ಪೆಟ್ಟು ತಿಂದ ಕಥೆ ಹೇಳ್ತೀನಿ. ಇಪ್ಪತ್ತು ವರ್ಷದಿಂದ ಮನೆ ವೈರಿಂಗ್ ಮಾಡ್ತೀನಿ, ನನಗೆ ಯಾರು ಹೇಳಬೇಕು ಅಂತ ಗಾಡಿಗೂ 1 ಸ್ಕ್ವೇರ್ ಎಂಎಂ ವೈರ್ ಎಳೆದೆ. ರಾತ್ರಿ ಫ್ರಿಜ್ ಸುಮ್ನೆ ಬಂದ್ ಆಗೋದು. ಬ್ಯಾಟರಿ ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳ ಕೂಡ ಆಡಿದೆ. ಆಮೇಲೆ ಮೀಟರ್ ಹಚ್ಚಿದರೆ ಬ್ಯಾಟರಿ ಮೇಲೆ 12.6, ಐದು ಮೀಟರ್ ಆಚೆ ಫ್ರಿಜ್ ಚಾಲೂ ಆಗೋ ಹೊತ್ತಿಗೆ 11.3. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಗೊತ್ತೇ ಆಗಲ್ಲ, 12ರಲ್ಲಿ ಹೋದರೆ ಫ್ರಿಜ್ ಮಲಗುತ್ತೆ. 4 ಸ್ಕ್ವೇರ್ ಎಂಎಂ ಹಾಕಿದ ಮೇಲೆ ಸರಿ ಹೋಯ್ತು. ಅಂಗಡಿಯವನಿಗೆ ಹೋಗಿ ಚಹಾ ಕುಡಿಸಿ ಬಂದೆ, ಏನು ಮಾಡೋದು!

ಫ್ಯೂಸ್ ಬ್ಯಾಟರಿ ಪ್ಲಸ್‌ಗೆ ಅಂಟಿಕೊಂಡ ಹಾಗೇ ಇರಲಿ. ಲಿಥಿಯಂ ಬ್ಯಾಟರಿನ ಮೇಲ್ಗಡೆ ಕಾಯೋ ತಗಡಿನ ಹತ್ತಿರ ಇಡಬೇಡಿ, ಕೆಳಗೆ ನೆರಳಲ್ಲಿ ಇಡಿ. ವಿಪರೀತ ಕಾದರೆ ಅದರ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟ್) ಚಾರ್ಜ್ ನಿಲ್ಲಿಸಿಬಿಡುತ್ತೆ.

ಹಳೇ ಸ್ಟೇರಿಂಗ್:
ಪ್ಯಾನಲ್ಲಿಗೂ ತಗಡಿಗೂ ನಡುವೆ ಎರಡು ಮೂರು ಇಂಚು ಗಾಳಿ ಆಡೋಕೆ ಬಿಡಿ. ಪ್ಯಾನಲ್ ತಣ್ಣಗಿರುತ್ತೆ, ಅದರ ನೆರಳಿಗೆ ಡಬ್ಬನೂ ಅಷ್ಟು ಕಾಯಲ್ಲ. ಉಳಿದ ಜಾಗಕ್ಕೆ ಬಿಳಿ ಬಣ್ಣ ಬಳೀರಿ. ಮಳೆಗಾಲಕ್ಕೂ ಓಡಾಡೋರಾದ್ರೆ ಎಂಜಿನ್ನಿಂದ ಚಾರ್ಜ್ ಆಗೋ ಡಿಸಿ ಟು ಡಿಸಿ ಚಾರ್ಜರ್ ಹಾಕಿಸಿ, 10-12 ಸಾವಿರ ಆಗುತ್ತೆ. ಬೀದರ್‌ಗೆ ಹೋಗೋ ಎರಡೂವರೆ ಗಂಟೇಲಿ ಅರ್ಧ ಬ್ಯಾಟರಿ ತುಂಬುತ್ತೆ.

ಆರ್‌ಸಿ ವಿಷಯ ಯಾರೂ ಕೇಳಲಿಲ್ಲ? ಗಾಡಿ ರೂಪ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಆರ್‌ಟಿಒ ಕಚೇರೀಲಿ ಕೇಳಿಕೊಳ್ಳಿ. ಓಡುವಾಗ ಮಗುವನ್ನು ಹಿಂದೆ ಮಲಗಿಸಬೇಡಿ.

ಬಿಸಿಲೂರವ:
ಎಲ್ಲರಿಗೂ ಶರಣು. ರಾತ್ರಿನೇ ಟಾರ್ಚ್ ಹಿಡಿದು ಅಳೆದೆ. ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲ. ಎರಡನೇ ಪ್ಯಾನಲ್ ಹೇಗೆ ಇಟ್ಟರೂ ಅಡಿಯಷ್ಟು ಹೊರಗೆ ಚಾಚುತ್ತೆ! ಬೆಳಿಗ್ಗೆ ಅಂಗಡಿಗೆ ಹೋಗಿ ಕೇಳಿದರೆ, "ಚಾಚಲಿ ಬಿಡ್ರಿ, ನೆರಳಾಗುತ್ತೆ" ಅಂತಾರೆ. ಒಂದೇ ಪ್ಯಾನಲ್, ಎಂಪಿಪಿಟಿ, ಲಿಥಿಯಂ ಅಂತ ಬೇರೆ ಚೀಟಿ ಬರೆಸಿದ್ದೇನೆ, 58,000ಕ್ಕೆ ಬಂದಿದೆ. ಅದರಲ್ಲಿ ಫಿಟ್ಟಿಂಗ್‌ಗೆ ಇನ್ನೂ ಹನ್ನೆರಡು ಸಾವಿರ ಹಿಡಿದಿದ್ದಾರೆ. ವೈರ್‌ಮನ್ ಅಣ್ಣಾ, ಒಂದು ಭಾನುವಾರ ಕಲಬುರಗಿ ಕಡೆ ಬರ್ತೀರಾ? ಊಟ ನಮ್ಮ ಮನೇಲಿ.