ಬೈಕಿಗೆ ಹೆಚ್ಚುವರಿ ದೀಪ ಹಾಕಿಸಿದರೆ ಯಾವ ನಿಯಮ ಅನ್ವಯಿಸುತ್ತದೆ?

ಪ್ರಶ್ನೆ: ಇರುಳುಸವಾರ

ನಾನು ಪಾಳಿ ಕೆಲಸದವನು. ವಾರದಲ್ಲಿ ನಾಲ್ಕು ದಿನ ರಾತ್ರಿ ಹನ್ನೊಂದರ ನಂತರ ಬೀದಿದೀಪವೇ ಇಲ್ಲದ ರಾಜ್ಯ ಹೆದ್ದಾರಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ಬೈಕ್ ಓಡಿಸಿ ಮನೆ ಸೇರಬೇಕು. 2018ರ ಮಾದರಿಯ ನನ್ನ ಬೈಕಿನ ಹ್ಯಾಲೋಜನ್ ಹೆಡ್‌ಲೈಟ್‌ಗೆ ರಸ್ತೆಯಂಚಿನ ಗುಂಡಿಯಾಗಲಿ, ಡಾಂಬರಿನ ಬಿಸಿಗೆ ಬಂದು ಮಲಗಿದ ದನವಾಗಲಿ ತೀರ ಹತ್ತಿರಕ್ಕೆ ಹೋಗುವವರೆಗೂ ಕಾಣುವುದಿಲ್ಲ. ಹಾಗಾಗಿ ಕಳೆದ ತಿಂಗಳು ಕ್ರ್ಯಾಶ್ ಗಾರ್ಡ್‌ನ ಎರಡೂ ಬದಿಗೆ ತಲಾ 20 ವ್ಯಾಟ್‌ನ ಎಲ್‌ಇಡಿ ದೀಪಗಳನ್ನು ಹಾಕಿಸಿದೆ. ಒಂದೇ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಿದರೆ ಬಿಳಿ, ಹಳದಿ, ಮಿಣುಕು ಎಂದು ಮೂರು ಬಗೆಯಲ್ಲಿ ಉರಿಯುತ್ತವೆ.

ಹದಿನೈದು ದಿನ ಕಳೆಯುವಷ್ಟರಲ್ಲಿ ತಪಾಸಣೆಯೊಂದರಲ್ಲಿ ತಡೆದು 500 ರೂಪಾಯಿ ದಂಡ ಹಾಕಿದರು. ರಸೀದಿಯಲ್ಲಿ 177ನೇ ಕಲಂ ಎಂದಷ್ಟೇ ಇದೆ. ದೀಪ ಹಾಕಿಕೊಟ್ಟ ಮೆಕ್ಯಾನಿಕ್‌ನ ಪ್ರಕಾರ ಬಿಳಿ ಬೆಳಕಿಗೆ ಮಾತ್ರ ದಂಡ, ಹಳದಿಗೆ ಯಾರೂ ಕೇಳುವುದಿಲ್ಲ. ಸಹೋದ್ಯೋಗಿಯೊಬ್ಬರು ಕಂಪನಿ ಕೊಟ್ಟದ್ದನ್ನು ಬಿಟ್ಟು ಒಂದು ಬಲ್ಬ್ ಹಾಕಿದರೂ ಜೈಲು ಎಂದು ಹೆದರಿಸುತ್ತಾರೆ. ಇಬ್ಬರ ಮಾತಿನಲ್ಲೂ ನನಗೆ ನಂಬಿಕೆ ಹುಟ್ಟುತ್ತಿಲ್ಲ. ನಿಯಮವನ್ನು ಓದಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಲಂಕಡತ

ನಿಮ್ಮ ಮೆಕ್ಯಾನಿಕ್ ಹೇಳಿದ್ದಕ್ಕೆ ನಿಯಮಗಳಲ್ಲಿ ಎಲ್ಲಿಯೂ ಆಧಾರವಿಲ್ಲ. ಕಣ್ಣು ಕುಕ್ಕುವ ಬೆಳಕು ಯಾವ ಬಣ್ಣದ್ದಾದರೂ ತಪ್ಪೇ.

ನೋಡಬೇಕಾದದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು. 105ನೇ ನಿಯಮ ಮೋಟಾರ್ ಸೈಕಲ್ಲಿಗೆ ಮುಂಭಾಗದಲ್ಲಿ ಒಂದು ಅಥವಾ ಎರಡು ಹೆಡ್‌ಲ್ಯಾಂಪ್ ಎನ್ನುತ್ತದೆ. ಆದರೆ ನಿಮ್ಮ ಪ್ರಕರಣದ ತಿರುಳಿರುವುದು 106ನೇ ನಿಯಮದಲ್ಲಿ. ವಾಹನದಲ್ಲಿ ಮುಂದಕ್ಕೆ ಬೆಳಕು ಚೆಲ್ಲುವ ಯಾವುದೇ ದೀಪದ ಕಿರಣ ಕೆಳಮುಖವಾಗಿರಬೇಕು, ಇಲ್ಲವೇ ಚಾಲಕನು ಬೇಕೆಂದಾಗ ಅದನ್ನು ಕೆಳಕ್ಕೆ ಇಳಿಸುವ ಅಥವಾ ಆರಿಸುವ ವ್ಯವಸ್ಥೆ ಇರಬೇಕು ಎಂಬುದು ಅದರ ಸಾರ. ಎಷ್ಟು ಕೆಳಕ್ಕೆ ಎಂಬುದಕ್ಕೂ ಅಲ್ಲಿ ಅಳತೆ ಇದೆ. ದೀಪದಿಂದ 8 ಮೀಟರ್ ಮುಂದೆ, ದೀಪದ ಬಲ ಅಂಚಿನಿಂದ 0.5 ಮೀಟರ್ ಬಲಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಆ ಬೆಳಕು ಕೋರೈಸಬಾರದು. ಬಲಕ್ಕೆ ಎಂದದ್ದು ಸುಮ್ಮನೆ ಅಲ್ಲ; ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರಾದ್ದರಿಂದ ಎದುರಿನವನು ನಮ್ಮ ಬಲಕ್ಕೇ ಬರುತ್ತಾನೆ. ವ್ಯಾಟ್ ಎಷ್ಟು ಎಂದು ಈ ನಿಯಮ ಕೇಳುವುದಿಲ್ಲ ಎಂಬುದನ್ನು ಗಮನಿಸಿ. ಬೆಳಕು ಯಾರ ಕಣ್ಣಿಗೆ ಹೋಗುತ್ತದೆ ಎಂಬುದಷ್ಟೇ ಅದರ ಪ್ರಶ್ನೆ.

ಇದರ ಜೊತೆಗೆ 111ನೇ ನಿಯಮವಿದೆ. ನೋಂದಣಿ ಪ್ರಾಧಿಕಾರದ ಮುಂಚಿತ ಅನುಮತಿ ಪಡೆದ ವಿಶೇಷ ಸಂದರ್ಭಗಳ ಹೊರತು ವಾಹನದ ಮುಂಭಾಗಕ್ಕೆ ಸ್ಪಾಟ್‌ಲೈಟನ್ನಾಗಲಿ ಸರ್ಚ್‌ಲೈಟನ್ನಾಗಲಿ ಅಳವಡಿಸುವಂತಿಲ್ಲ. ಹೆಚ್ಚುವರಿ ದೀಪ ಎಂದು ಮಾರಾಟವಾಗುವ ಎಷ್ಟೋ ದೀಪಗಳು ಬೆಳಕನ್ನು ಕೊಳವೆಯಂತೆ ದೂರಕ್ಕೆ ಎಸೆಯುವ ಸ್ಪಾಟ್‌ಗಳೇ ಆಗಿರುವುದರಿಂದ ಈ ನಿಯಮವನ್ನು ಮರೆತರೆ ನಡೆಯದು. ಬಣ್ಣದ ವಿಷಯ 108ರಲ್ಲಿದೆ: ಮುಂದಕ್ಕೆ ಕೆಂಪು ಬೆಳಕು ಕಾಣಬಾರದು, ಹಿಂದಕ್ಕೆ ನಂಬರ್ ಪ್ಲೇಟಿನ ಬಿಳಿ ದೀಪ, ಇಂಡಿಕೇಟರ್ ಮೊದಲಾದವನ್ನು ಬಿಟ್ಟು ಕೆಂಪಲ್ಲದ ಬೆಳಕು ಕಾಣಬಾರದು.

ಇಂಥ ಉಲ್ಲಂಘನೆಗೆ ಬೇರೆ ದಂಡ ಹೇಳಿರದಿದ್ದಾಗ ಅನ್ವಯಿಸುವುದು 1988ರ ಮೋಟಾರು ವಾಹನ ಕಾಯ್ದೆಯ 177ನೇ ಕಲಂ. ಮೊದಲ ಸಲಕ್ಕೆ 500 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿ. ನಿಮಗೆ ಹಾಕಿದ ದಂಡ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಉತ್ತರ: ಹಳೆಚಕ್ರ

ಮೇಲಿನ ಉತ್ತರ ಸರಿಯಾಗಿದೆ, ಆದರೆ ಸಹೋದ್ಯೋಗಿಯ ಹೆದರಿಕೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 2019ರ ತಿದ್ದುಪಡಿಯಲ್ಲಿ 182ಎ ಎಂಬ ಹೊಸ ಕಲಂ ಸೇರಿತು. ಅದರ ನಾಲ್ಕನೆಯ ಉಪಕಲಮಿನ ಪ್ರಕಾರ, ಬಿಡಿಭಾಗಗಳನ್ನು ಜೋಡಿಸುವುದೂ ಸೇರಿದಂತೆ ಕಾಯ್ದೆ ಒಪ್ಪದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 52ನೇ ಕಲಮನ್ನು ಬಿಗಿಯಾಗಿಯೇ ವ್ಯಾಖ್ಯಾನಿಸಿತು. ಆದ್ದರಿಂದ 177ಕ್ಕೆ ಮುಗಿಯಿತು ಎಂದು ನಿಶ್ಚಿಂತರಾಗಬೇಡಿ.

ಉತ್ತರ: ಕಲಂಕಡತ

ಆ ತೀರ್ಪನ್ನು ನಾನೂ ಓದಿದ್ದೇನೆ. ಆದರೆ 52ನೇ ಕಲಂ ಮಾತನಾಡುವುದು ನೋಂದಣಿ ಪತ್ರದಲ್ಲಿರುವ ವಿವರಗಳ ಬಗ್ಗೆ. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯನ್ನು ಬದಲಿಸುವುದು ಎಂದು ಆ ಕಲಮಿನ ವಿವರಣೆಯೇ ಹೇಳುತ್ತದೆ. ಎಂಜಿನ್, ಚಾಸಿ, ಇಂಧನದ ಬಗೆ, ಆಸನಗಳ ಸಂಖ್ಯೆ ಇವೆಲ್ಲ ಆರ್‌ಸಿಯಲ್ಲಿವೆ, ಕ್ರ್ಯಾಶ್ ಗಾರ್ಡ್‌ಗೆ ಬಿಗಿದ ದೀಪ ಇಲ್ಲ. ನನ್ನ ದೃಷ್ಟಿಯಲ್ಲಿ ಸರಿಯಾಗಿ ಕೂರಿಸಿದ ದೀಪವನ್ನು 182ಎ ಅಡಿಗೆ ತರುವುದು ಎಳೆದಾಡಿದ ವಾದ. ಹಾಗೆಂದು ರಾತ್ರಿ ಹನ್ನೊಂದಕ್ಕೆ ರಸ್ತೆಯಲ್ಲಿ ನಿಲ್ಲಿಸಿದವರ ಮುಂದೆ ಈ ವಾದ ಮಂಡಿಸಲು ಹೋಗಬೇಡಿ, ಅದಕ್ಕೆ ನ್ಯಾಯಾಲಯವಿದೆ. ಹೊಸದಾಗಿ ಕೊಳ್ಳುವವರಿಗೆ ವಾಹನ ತಯಾರಕರೇ ಆ ಮಾದರಿಗೆಂದು ಕೊಡುವ ಫಾಗ್ ಲ್ಯಾಂಪ್ ಎಲ್ಲಕ್ಕಿಂತ ಸುರಕ್ಷಿತ, ಬಿಲ್ ಜೊತೆಗಿರಲಿ.

ಉತ್ತರ: ತಂತಿಕೆಲಸ

ಕಾನೂನಿನ ಮಾತು ಸಾಕಷ್ಟಾಯಿತು, ಬೈಕಿನ ಕಡೆಗೆ ಬರೋಣ. ಮೊದಲು ಆ ಮಿಣುಕುವ ಬಗೆಯನ್ನು ತೆಗೆಸಿ. ಎದುರಿನವನಿಗೆ ನಿಮ್ಮ ದೂರವೂ ವೇಗವೂ ಅಂದಾಜಿಗೆ ಸಿಗದಂತೆ ಮಾಡುವುದು ಅದೇ, ತಪಾಸಣೆಯಲ್ಲಿ ನಿಮ್ಮನ್ನು ದೂರದಿಂದಲೇ ಹಿಡಿದುಕೊಟ್ಟಿದ್ದೂ ಬಹುಶಃ ಅದೇ.

ಎರಡನೆಯದು, ಪ್ರತ್ಯೇಕ ಸ್ವಿಚ್ಚನ್ನು ನಂಬಬೇಡಿ. ಎದುರಿಗೆ ಲಾರಿ ಬಂದಾಗ ಎಡಗೈ ಹೆಬ್ಬೆರಳು ಡಿಮ್ ಸ್ವಿಚ್ಚಿಗೆ ಹೋಗುತ್ತದೆಯೇ ಹೊರತು ಇನ್ನೊಂದನ್ನು ಹುಡುಕುವುದಿಲ್ಲ. ದೀಪಗಳಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ತಂತಿ ಎಳೆದು, ನಡುವೆ ರಿಲೇ (ಇನ್ನೊಂದು ತಂತಿಯ ವಿದ್ಯುತ್ತಿನಿಂದ ತಾನಾಗಿ ಆನ್-ಆಫ್ ಆಗುವ ಸ್ವಿಚ್) ಇಟ್ಟು, ಆ ರಿಲೇಗೆ ಚಾಲನೆಯನ್ನು ಹೈಬೀಮ್ ತಂತಿಯಿಂದ ಕೊಡಿಸಿ. ಆಗ ಹೈಬೀಮ್ ಹೊತ್ತಿದಾಗ ಮಾತ್ರ ಇವೂ ಹೊತ್ತುತ್ತವೆ, ಡಿಮ್ ಮಾಡಿದೊಡನೆ ಹೈಬೀಮಿನ ಜೊತೆಗೇ ಆರುತ್ತವೆ. 106ನೇ ನಿಯಮ ಕೇಳುವ ಆರಿಸುವ ವ್ಯವಸ್ಥೆ ಎಂದರೆ ಇದೇ. ಎರಡು ದೀಪ ಸೇರಿ 40 ವ್ಯಾಟ್, 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್, 5 ಆಂಪಿಯರ್ ಫ್ಯೂಸ್ ಸಾಕು. ಮೂಲ ವೈರಿಂಗ್ ಕತ್ತರಿಸಿ ಟೇಪು ಸುತ್ತಿದ್ದರೆ ಅದನ್ನು ಇಂದೇ ಬಿಚ್ಚಿಸಿ, ವಾರಂಟಿಗೂ ಅದರಿಂದ ತೊಂದರೆ.

ಮೂರನೆಯದು ಗೋಡೆಯ ಪರೀಕ್ಷೆ. ಸಮತಟ್ಟಾದ ನೆಲದಲ್ಲಿ ದೀಪದಿಂದ ಸರಿಯಾಗಿ 8 ಮೀಟರ್ ದೂರಕ್ಕೆ ಗೋಡೆ ಬರುವಂತೆ ಬೈಕನ್ನು ನೇರವಾಗಿ ಹಿಡಿದು ನಿಲ್ಲಿಸಿ. ಸೈಡ್ ಸ್ಟ್ಯಾಂಡ್ ಮೇಲೆ ಬೇಡ, ಬೆಳಕು ವಾಲುತ್ತದೆ. ಗೋಡೆಯ ಮೇಲೆ 1.5 ಮೀಟರ್ ಎತ್ತರಕ್ಕೊಂದು, ದೀಪದಷ್ಟೇ ಎತ್ತರಕ್ಕೊಂದು ಗೆರೆ ಎಳೆಯಿರಿ. ಮೇಲಿನ ಗೆರೆ ನಿಯಮದ್ದು. ಅದಷ್ಟನ್ನೇ ಪಾಲಿಸಿದರೆ ಸಾಲದು ಎಂಬುದು ನನ್ನ ಅನುಭವ. 80 ಸೆಂಟಿಮೀಟರ್ ಎತ್ತರದಲ್ಲಿರುವ ದೀಪದ ಕಿರಣ ಸ್ವಲ್ಪವೇ ಮೇಲ್ಮುಖವಾಗಿದ್ದರೂ 8 ಮೀಟರಿನಲ್ಲಿ ಆ ಗೆರೆಯ ಕೆಳಗೇ ಉಳಿದು, ಐವತ್ತು ಮೀಟರಿನಾಚೆಯ ಕಾರಿನವನ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಬೆಳಕಿನ ಮೇಲಂಚು ಕೆಳಗಿನ ಗೆರೆಗಿಂತಲೂ ಎಂಟು ಹತ್ತು ಸೆಂಟಿಮೀಟರ್ ಇಳಿದಿರುವಂತೆ ಬೋಲ್ಟ್ ತಿರುಗಿಸಿ. ಮೇಲಂಚು ಎಂಬುದೇ ಕಾಣದೆ ಗೋಡೆ ತುಂಬ ಹರಡಿದರೆ ಆ ದೀಪ ಎಷ್ಟು ಬಗ್ಗಿಸಿದರೂ ದಾರಿಗೆ ಬರುವುದಿಲ್ಲ, ಬದಲಿಸಿ.

ಪ್ರತಿಕ್ರಿಯೆ: ಇರುಳುಸವಾರ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಪಕ್ಕದ ಗೋದಾಮಿನ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು ನೋಡಿದೆ. ಎಡದೀಪ ಪರವಾಗಿಲ್ಲ. ಬಲದೀಪ ಮಾತ್ರ ಮೇಲಿನ ಗೆರೆಯನ್ನೂ ದಾಟಿ ಕಿಟಕಿಯ ಸರಳುಗಳನ್ನು ಬೆಳಗುತ್ತಿತ್ತು. ನಾನಷ್ಟು ದಿನ ಎದುರಿನವರ ಕಣ್ಣಿಗೆ ಅದನ್ನೇ ಹಿಡಿದುಕೊಂಡು ಹೋಗಿದ್ದೇನೆ ಎಂದು ತಿಳಿದು ನಾಚಿಕೆಯಾಯಿತು. ಎರಡನ್ನೂ ಇಳಿಸಿ, ಮಿಣುಕಿನ ತಂತಿ ಕತ್ತರಿಸಿ, ಹೈಬೀಮ್‌ಗೆ ರಿಲೇ ಹಾಕಿಸಿದ್ದೇನೆ.

ಇನ್ನೊಂದು ಸಂದೇಹ. ಬೇಕೆಂದಾಗ ಆರಿಸಲು ಮೆಕ್ಯಾನಿಕ್ ನನ್ನ ಹೆಡ್‌ಲೈಟಿಗೂ ಪ್ರತ್ಯೇಕ ಆನ್-ಆಫ್ ಸ್ವಿಚ್ ಹಾಕಿದ್ದರು. ಅದು ಇರಬಹುದೇ?

ಉತ್ತರ: ಕಲಂಕಡತ

ಬೇಡ. 2017ರ ಏಪ್ರಿಲ್ 1ರಿಂದ ತಯಾರಾದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನಾಗಿಯೇ ಹೊತ್ತಬೇಕೆಂಬುದು ಕಡ್ಡಾಯವಾದ್ದರಿಂದ, ನಿಮ್ಮ 2018ರ ಬೈಕಿಗೆ ಆ ಸ್ವಿಚ್ಚನ್ನು ಕಾರ್ಖಾನೆಯಲ್ಲೇ ಕೊಟ್ಟಿರಲಿಲ್ಲ. ಹೆಚ್ಚುವರಿ ದೀಪದ ಬಗ್ಗೆಯಾದರೂ ವಾದಕ್ಕೆ ಜಾಗವಿದೆ, ಇದಕ್ಕೆ ಅದೂ ಇಲ್ಲ.

ಉತ್ತರ: ತಂತಿಕೆಲಸ

ಒಂದು ಮಾತು ಬಿಟ್ಟುಹೋಗಿತ್ತು. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೋಗುವವರಾದರೆ ಅವರನ್ನು ಕೂರಿಸಿಯೇ ಗೋಡೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿದಷ್ಟೂ ಮೂತಿ ಮೇಲೇಳುತ್ತದೆ. ಒಬ್ಬರೇ ಇದ್ದಾಗ ಸರಿಯಿದ್ದ ಬೆಳಕು ಇಬ್ಬರಾದಾಗ ಮತ್ತೆ ಆ ಕಿಟಕಿಗೇ ಹೋಗಿರುತ್ತದೆ.