ಮನೆಯವರ ಗುಂಪಿನಲ್ಲಿ ಟಿಗ್ ವೆಲ್ಡರ್ ಚರ್ಚೆ: ಡಿಸಿ ಸಾಕೋ, ಎಸಿಯೂ ಬೇಕೋ

ನಾನು: (ಫೋಟೋ) ಕಾರಿನ ಕೆಲಸಕ್ಕೆ ಎಲ್ಲರೂ ಸೇರಿ ವೆಲ್ಡಿಂಗ್ ಮಿಷಿನ್ ಕೊಳ್ಳೋಣ ಅಂದಿದ್ವಲ್ಲ, ಇದನ್ನ ನೋಡಿ. ಟಿಗ್ (ಟಂಗ್‌ಸ್ಟನ್ ಕಡ್ಡಿಯ ಮೊನೆಯಿಂದ ಆರ್ಕ್, ಅಂದರೆ ವಿದ್ಯುತ್ ಜ್ವಾಲೆ, ಹೊಡೆದು ಬೆಸೆಯೋದು), 200 ಆಂಪ್, ಡಿಸಿ (ಒಂದೇ ದಿಕ್ಕಿನ ಕರೆಂಟು), ಲಿಫ್ಟ್ ಸ್ಟಾರ್ಟ್ (ಕಡ್ಡಿ ಮುಟ್ಟಿಸಿ ಎತ್ತಿದರೆ ಆರ್ಕ್ ಹತ್ತತ್ತೆ). ಸೈಲೆನ್ಸರ್ ಪೈಪು, ಬ್ರಾಕೆಟ್ಟು, ಬಾಡಿ ತಗಡು, ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿ ತಣಿಸೋದು) ಪೈಪು ಎಲ್ಲಕ್ಕೂ ಸಾಕಲ್ವಾ?

ಭಾವ: ಇಂಟರ್‌ಕೂಲರ್ ಪೈಪು ಅಲ್ಯೂಮಿನಿಯಂ. ಇದರಲ್ಲಿ ಆಗಲ್ಲ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗತ್ತೆ, ಮೇಲಿರೋ ಆಕ್ಸೈಡ್ ಪೊರೆ ಕರಗೋಕೆ 2000 ದಾಟಬೇಕು. ಎಸಿಯಲ್ಲಿ ಕರೆಂಟಿನ ದಿಕ್ಕು ಬದಲಾಗ್ತಾ ಇರತ್ತೆ, ಟಂಗ್‌ಸ್ಟನ್ ಪಾಸಿಟಿವ್ ಆದಾಗ ಪೊರೆ ಒಡೆಯತ್ತೆ, ನೆಗೆಟಿವ್ ಆದಾಗ ಲೋಹ ಕಾಯತ್ತೆ. ಆರ್ಗಾನ್ ಹಾಕಿ ಡಿಸಿಯಲ್ಲೇ ಹೊಡೆದರೆ ಪೊರೆ ಚೀಲದ ಹಾಗೆ ಹಿಡಿದಿಟ್ಟುಕೊಂಡು, ಒಳಗಿನ ಲೋಹ ಜೋತುಬಿದ್ದು ಒಂದೇ ಸಲಕ್ಕೆ ಕೆಳಗೆ ಸುರಿದುಹೋಗತ್ತೆ. ಎಸಿ-ಡಿಸಿ ಎರಡೂ ಇರೋದನ್ನೇ ತಗೋ.

ಚಿಕ್ಕಪ್ಪ: ಅಳಿಯಂದಿರೇ, ಆ ಪೈಪನ್ನ ಸ್ಟೇನ್‌ಲೆಸ್‌ನಲ್ಲೂ ಮಾಡಬಹುದು. ಹವ್ಯಾಸದ ಕಾರಿನ ಕೆಲಸದಲ್ಲಿ ಬಹುಪಾಲು ಮೈಲ್ಡ್ ಸ್ಟೀಲು, ಸ್ಟೇನ್‌ಲೆಸ್ಸು. ಎರಡಕ್ಕೂ ಡಿಸಿನೇ. ಈ ಮಿಷಿನ್ ಬೇಡ ಅಂತ ನಾನೂ ಹೇಳ್ತೀನಿ, ಆದರೆ ಕಾರಣ ಬೇರೆ. ಲಿಫ್ಟ್ ಸ್ಟಾರ್ಟ್, ಆಂಪನ್ನ ಕಾಲಲ್ಲೇ ಏರಿಸಿ ಇಳಿಸೋ ಪೆಡಲ್ ಹಾಕೋಕೆ ಸಾಕೆಟ್ಟೂ ಕಾಣ್ತಿಲ್ಲ.

ನಾನು: ಪೆಡಲ್ ಇಲ್ಲದಿದ್ರೆ ಏನಾಗತ್ತೆ ಚಿಕ್ಕಪ್ಪ? ನಾಬ್ ಇದೆಯಲ್ಲ.

ಚಿಕ್ಕಪ್ಪ: ಒಂದು ಸಣ್ಣ ಬೀಡ್ (ಬೆಸುಗೆಯ ಗೆರೆ) ಎಳೆಯೋವಾಗಲೇ ತಗಡು ಕಾಯ್ತಾ ಹೋಗತ್ತೆ. ಶುರುವಿಗೆ ಬೇಕಾಗಿದ್ದ ಆಂಪು ಕೊನೆಗೆ ಜಾಸ್ತಿ ಆಗತ್ತೆ, ಅಂಚಿಗೆ ಬರೋ ಹೊತ್ತಿಗೆ ತೂತು. ನಾಬ್ ತಿರುಗಿಸೋಕೆ ಕೈ ಎಲ್ಲಿದೆ, ಒಂದರಲ್ಲಿ ಟಂಗ್‌ಸ್ಟನ್ ಕೂರಿಸಿರೋ ಟಾರ್ಚು, ಇನ್ನೊಂದರಲ್ಲಿ ಕರಗಿಸಿ ತುಂಬೋ ಫಿಲ್ಲರ್ ರಾಡು. ಕೊನೆಯಲ್ಲಿ ಕರೆಂಟನ್ನ ನಿಧಾನಕ್ಕೆ ಇಳಿಸದೆ ಥಟ್ಟನೆ ನಿಲ್ಲಿಸಿದರೆ ಅಲ್ಲೊಂದು ಕುಳಿ ಉಳಿಯತ್ತೆ, ಬಿರುಕು ಶುರುವಾಗೋದೇ ಆ ಕುಳಿಯಿಂದ. ಇನ್ನು 200 ಅನ್ನೋ ಅಂಕಿ ನೋಡಿ ಮರುಳಾಗಬೇಡ ಕಣೋ, ಕೆಳಗಿನ ಅಂಕಿ ನೋಡು. ಸ್ಟೀಲಿಗೆ 1 ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪ್ ಲೆಕ್ಕ. 0.8 ಮಿ.ಮೀ. ಬಾಡಿ ತಗಡಿಗೆ 30, 1.6ರ ಪೈಪಿಗೆ 60–65, 3ರ ಬ್ರಾಕೆಟ್ಟಿಗೆ 120. ನಿನ್ನ ಕೆಲಸ ಎಲ್ಲಾ ಇದರೊಳಗೇ. ತಗಡಿನ ಅಂಚಲ್ಲಿ 5ಕ್ಕೋ 10ಕ್ಕೋ ಆರ್ಕ್ ಅಲುಗಾಡದೆ ಹತ್ತಿಕೊಳ್ಳಬೇಕು.

ಭಾವ: ಲಿಫ್ಟ್ ಸ್ಟಾರ್ಟ್ ವಿಷಯದಲ್ಲಿ ಮಾವ ಹೇಳೋದು ಸರಿ. ಟಂಗ್‌ಸ್ಟನ್ ಮುಟ್ಟಿಸಿ ಎತ್ತಬೇಕು, ಮೊನೆ ಹಾಳಾಗತ್ತೆ, ಮತ್ತೆ ಸಾಣೆ. ಎಚ್‌ಎಫ್ (ಹೈ ಫ್ರೀಕ್ವೆನ್ಸಿ ಕಿಡಿ) ಸ್ಟಾರ್ಟ್ ಆದರೆ ಮುಟ್ಟಿಸೋದೇ ಬೇಡ. ಆದರೆ ಎಚ್‌ಎಫ್ ಹೊಡೆಯೋವಾಗ ಭಾಗ ಇನ್ನೂ ಕಾರಲ್ಲೇ ಇದ್ದರೆ ಬ್ಯಾಟರಿ, ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಎರಡರ ಕನೆಕ್ಟರೂ ಬಿಚ್ಚಿಡು. ಅರ್ಥ್ ಕ್ಲಾಂಪು ವೆಲ್ಡಿನ ಪಕ್ಕದಲ್ಲೇ ಇರಲಿ. ಕರೆಂಟು ಬೇರಿಂಗ್ ಮೂಲಕ ಹರಿದರೆ ಬೇರಿಂಗ್ ಹೋಯ್ತು ಅಂತಲೇ.

ಅಕ್ಕ: ರೀ, ಎಸಿ-ಡಿಸಿ ಅಂತೀರಲ್ಲ, ಮನೆಯ ಕರೆಂಟ್ ಲೈನಿನ ಲೆಕ್ಕ ಹಾಕಿದ್ರಾ? 200 ಆಂಪಿಗೆ ಆರ್ಕ್ ಸುಮಾರು 18 ವೋಲ್ಟ್, ಅಂದರೆ 3.6 ಕಿಲೋವ್ಯಾಟ್. ಮಿಷಿನ್ ತಿನ್ನೋದು ಸೇರಿ 4.5 ಹತ್ತಿರ. 230 ವೋಲ್ಟಿನಲ್ಲಿ 20 ಆಂಪ್, ಪವರ್ ಫ್ಯಾಕ್ಟರ್ ಸರಿಮಾಡೋ ಸರ್ಕ್ಯೂಟ್ ಇಲ್ಲದಿದ್ರೆ ಇನ್ನೂ ಮೇಲೆ. ಮಾಮೂಲಿ 16 ಆಂಪ್ ಸಾಕೆಟ್ ಅದನ್ನ ತಡೆಯಲ್ಲ. ಡ್ಯೂಟಿ ಸೈಕಲ್ ಕೂಡ ಓದಿ. 200ಕ್ಕೆ 25% ಅಂದರೆ 10 ನಿಮಿಷದಲ್ಲಿ ಎರಡೂವರೆ ನಿಮಿಷ ಮಾತ್ರ.

ಭಾವ: 120 ಆಂಪಿಗೆ ಲೈನಿಂದ ಹೆಚ್ಚುಕಡಿಮೆ 10–14 ಎಳೆಯತ್ತೆ, ಅಷ್ಟಕ್ಕೆ ಸಾಕೆಟ್ ಸಾಕು. 3 ಮಿ.ಮೀ. ಅಲ್ಯೂಮಿನಿಯಂಗೆ 130–150 ಬೇಕಾದಾಗ ಬೇರೆ ಲೈನ್ ಎಳೆಸೋಣ.

ಚಿಕ್ಕಪ್ಪ: ಎಸಿ ತಗೊಂಡರೂ ಟಾರ್ಚ್ ಸಾಲಲ್ಲ. ಮಿಷಿನ್ ಜೊತೆ 17 ನಂಬರ್ ಕೊಡ್ತಾರೆ, ಅದು ಡಿಸಿಯಲ್ಲೇ 150ಕ್ಕೆ. ಎಸಿಯಲ್ಲಿ ಇನ್ನೂ ಬೇಗ ಕಾಯತ್ತೆ, ಕೈಲಿ ಹಿಡಿಯೋಕಾಗಲ್ಲ. 26 ನಂಬರ್ 200 ತಡೆಯತ್ತೆ, ಆದರೆ ದಪ್ಪ, ಪೈಪಿನ ಸಂದಿಗೆ ತೂರಲ್ಲ. ಅದಕ್ಕೇ ಎಸಿ ಅಂದ್ರೆ ನನಗೆ ಹಿಂಜರಿಕೆ.

ಭಾವ: 20 ನಂಬರ್ ಟಾರ್ಚ್ ಇದೆ, ನೀರು ಹರಿದು ತಣಿಯೋದು. ಸಣ್ಣದು, 250 ತಡೆಯತ್ತೆ. ಕೂಲರ್ ಆಮೇಲೆ ಸೇರಿಸಬಹುದು ಮಾವ, ಆದರೆ ಡಿಸಿ ಮಿಷಿನ್‌ಗೆ ಎಸಿ ಆಮೇಲೆ ಸೇರಿಸೋಕಾಗಲ್ಲ. ನನ್ನ ವಾದ ಇದಿಷ್ಟೇ.

ಚಿಕ್ಕಪ್ಪ: ಹ್ಞೂಂ, ಅದು ಒಪ್ಪೋ ಮಾತು. ಹಾಗಾದರೆ ಎಸಿಯ ಬ್ಯಾಲೆನ್ಸು (ನೆಗೆಟಿವ್, ಪಾಸಿಟಿವ್ ಪಾಲು), ಫ್ರೀಕ್ವೆನ್ಸಿ ಎರಡೂ ನಾವೇ ಬದಲಿಸೋ ಹಾಗಿರಬೇಕು. ನೆಗೆಟಿವ್ 70%, 100–120 ಹರ್ಟ್ಸಿಂದ ಶುರು ಮಾಡು. ಪಾಸಿಟಿವ್ ಜಾಸ್ತಿ ಕೊಟ್ಟರೆ ಟಂಗ್‌ಸ್ಟನ್ ಮೊನೆ ಉಂಡೆ ಕಟ್ಟತ್ತೆ, ಕಮ್ಮಿ ಕೊಟ್ಟರೆ ಕರಗಿದ ಲೋಹದಲ್ಲಿ ಕರಿ ಚುಕ್ಕೆ ತೇಲತ್ತೆ. ಬಿಸಿಯಾಗೋ ಅಲ್ಯೂಮಿನಿಯಂ ಪೈಪಿಗೆ 4043 ನಂಬರಿನ ಫಿಲ್ಲರ್. 5356 ಸದಾ 65 ಡಿಗ್ರಿ ಮೇಲಿರೋ ಜಾಗಕ್ಕೆ ಬೇಡ.

ನಾನು: ಮಿಗ್‌ಗೆ (ತಂತಿ ತಾನಾಗೇ ಬರೋ ವೆಲ್ಡರ್) ತಂದ ಆರ್ಗಾನ್–ಸಿಒ2 ಮಿಶ್ರಣದ ಸಿಲಿಂಡರ್ ಇದೆಯಲ್ಲ, ಅದೇ ನಡೆಯತ್ತಾ?

ಚಿಕ್ಕಪ್ಪ: ಖಂಡಿತ ಬೇಡ! ಸಿಒ2 ಇದ್ದರೆ ಟಂಗ್‌ಸ್ಟನ್ ಕ್ಷಣದಲ್ಲಿ ಉರಿದುಹೋಗತ್ತೆ. ಶುದ್ಧ ಆರ್ಗಾನ್, ನಿಮಿಷಕ್ಕೆ 8ರಿಂದ 10 ಲೀಟರ್, ಗ್ಯಾಸನ್ನ ಸುಳಿಯಿಲ್ಲದೆ ಹರಿಸೋ ಜಾಲರಿ, ಗ್ಯಾಸ್ ಲೆನ್ಸ್, ಹಾಕು. 20ಕ್ಕೆ ತಿರುಗಿಸಿದರೆ ರಕ್ಷಣೆ ಜಾಸ್ತಿ ಅಂದ್ಕೋಬೇಡ, ಗ್ಯಾಸು ಸುಳಿ ಸುತ್ತಿ ಗಾಳಿಯನ್ನ ಒಳಗೆಳೆಯತ್ತೆ. ಆರ್ಕ್ ನಿಂತ ಮೇಲೆ 8–10 ಸೆಕೆಂಡ್ ಗ್ಯಾಸ್ ಹರೀತಿರಲಿ, ಟಾರ್ಚ್ ಅಲ್ಲೇ ಹಿಡ್ಕೊಂಡಿರು. ಟಂಗ್‌ಸ್ಟನ್ ನೀಲಿ ಗುರುತಿಂದು, 2% ಲ್ಯಾಂಥನಂ, ಎಸಿಗೂ ಡಿಸಿಗೂ ಆಗತ್ತೆ. ತಗಡಿಗೆ 1.6, ಉಳಿದಕ್ಕೆ 2.4 ಮಿ.ಮೀ. ಸಾಣೆಯ ಗೀರು ಉದ್ದಕ್ಕೆ ಬರಬೇಕು, ಅಡ್ಡ ಬಂದರೆ ಆರ್ಕ್ ಅಲೆದಾಡತ್ತೆ. ಕೆಂಪು ಗುರುತಿಂದು ಬೇಡ, ಅದರಲ್ಲಿ ಥೋರಿಯಂ ಇದೆ, ಸಾಣೆಯ ದೂಳು ಒಳಗೆ ಹೋಗಬಾರದು.

ಭಾವ: ಸ್ಟೇನ್‌ಲೆಸ್ ಸೈಲೆನ್ಸರ್ ಪೈಪಿಗೆ ಒಳಗಡೆಯೂ ಆರ್ಗಾನ್ ಬಿಡಬೇಕು. ಇಲ್ಲದಿದ್ರೆ ಹೊರಗೆ ಬೀಡ್ ಹೊಂಬಣ್ಣದಲ್ಲಿ ಚೆಂದ ಕಾಣತ್ತೆ, ಒಳಗೆ ಬೆರಳಿಟ್ಟು ನೋಡು, ಸುಟ್ಟ ಸಕ್ಕರೆ ಹಾಗೆ ಕರ್ರಗೆ ಹರಳು ಕಟ್ಟಿರತ್ತೆ. ಬಿರುಕು ಬಿಡೋದು ಅಲ್ಲೇ. ಎರಡು ತುದಿ ಮುಚ್ಚಿ, ಒಂದರಲ್ಲಿ ಗ್ಯಾಸ್ ಬಿಡು, ಇನ್ನೊಂದರಲ್ಲಿ ಸಣ್ಣ ತೂತು. ಫಿಲ್ಲರ್ 308ಎಲ್, ಮೈಲ್ಡ್ ಸ್ಟೀಲ್ ಫ್ಲಾಂಜಿಗೆ ಕೂಡಿಸೋವಾಗ 309ಎಲ್.

ಅಕ್ಕ: ಎಲ್ಲಕ್ಕಿಂತ ಮುಖ್ಯ ಇದು. ಒರೆಸೋಕೆ ಅಸಿಟೋನ್, ಅದೂ ಪೂರ್ತಿ ಆರಿದ ಮೇಲೆ ಆರ್ಕ್ ಹೊಡೀಬೇಕು. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಹತ್ತಿರವೂ ಬರಬಾರದು, ಆರ್ಕಿಗೆ ಸಿಕ್ಕರೆ ಫಾಸ್ಜೀನ್ ಆಗತ್ತೆ. ಅದು ಜೀವ ತೆಗೆಯೋ ಗ್ಯಾಸು.

ನಾನು: ಆ ಮಿಷಿನ್ ಬಿಟ್ಟೆ. ಎಸಿ-ಡಿಸಿ, ಎಚ್‌ಎಫ್, ಪೆಡಲ್, ಕೆಳಗೆ 5–10 ಆಂಪ್. ಸರೀನಾ?

ಚಿಕ್ಕಪ್ಪ: ಎಸಿಯಲ್ಲಿ ಕನಿಷ್ಠ ಆಂಪ್ ಎಷ್ಟು ಅಂತ ಬೇರೆ ಬರೆದಿರ್ತಾರೆ, ಅದು ಡಿಸಿಗಿಂತ ಮೇಲಿರತ್ತೆ, ನೋಡು. ಪೆಡಲ್ ಸಾಕೆಟ್ಟಿಗೆ ಎಷ್ಟು ಪಿನ್ ಅಂತ ಕೇಳಿ, ಫೋಟೋ ಇಲ್ಲಿಗೇ ಹಾಕು.

ಅಕ್ಕ: ಹಿಂದಿನ ಲೇಬಲ್ಲಿನ ಫೋಟೋ ಕೂಡ. ಲೈನಿನ ಲೆಕ್ಕ ಅದು ನೋಡಿ ಹಾಕ್ತೀನಿ.