ಬಸ್ಸಿನಾಗ ಸೀಟ್ ಬಿಡದ ಹುಡುಗಿ, ಆಕಿ ಹೆಸರು ಯಾಕ ಮರತ್ರು?

ಪ್ರಶ್ನೆ (ಕಲಬುರಗಿ): ಸಣ್ಣಾಕಿ ಇದ್ದಾಗಿಂದ ಕರಿಯಾಕಿ ಕರಿಯಾಕಿ ಅನ್ನಿಸ್ಕೊಂಡೇ ಬೆಳದೀನಿ, ಅದಕ್ಕೇ ಕ್ಲಾಡೆಟ್ ಕಾಲ್ವಿನ್ ಬಗ್ಗೆ ಓದಿದಾಗ ಕಣ್ಣಾಗ ನೀರು ಬಂತು. 1955 ಮಾರ್ಚ್ 2, ಅಮೆರಿಕಾದ ಮಾಂಟ್ಗೊಮರಿ, ಬರೇ 15 ವರ್ಷದ ಕಪ್ಪು ಹುಡುಗಿ, ಬಿಳಿಯರಿಗೆ ಸೀಟ್ ಬಿಡಲ್ಲ ಅಂದಳು, ಪೊಲೀಸ್ರು ಬೇಡಿ ಹಾಕಿ ಒಯ್ದ್ರು. ಹಿಂಗೇ ಸೀಟ್ ಬಿಡದೆ ದೊಡ್ಡ ಹೆಸರಾದ ಕಪ್ಪು ಹೆಣ್ಮಗಳು ರೋಸಾ ಪಾರ್ಕ್ಸ್‌ಗಿಂತ 9 ತಿಂಗಳು ಮೊದಲ! ಮತ್ತ ಆಕಿನ್ನ ಯಾಕ ಮುಂದ ತರ್ಲಿಲ್ರಿ?

ಉತ್ತರ: ತಂಗಿ, ಸಣ್ಣ ವಯಸ್ಸು, ಬಡವರ ಮನಿ, ಮುಂದ ಬಸುರಿ ಬ್ಯಾರೆ ಆದಳು, ಜನ ಏನಂತಾರೋ ಅಂತ ಕಪ್ಪು ಜನರ ಹೋರಾಟದ ಲೀಡರ್‌ಗೋಳು ಹಿಂದ ಸರದ್ರು. ನಂಗ ಇದು ಭಾಳ ತಪ್ಪನಸ್ತದ. ಆದ್ರ ಬಸ್ಸಿನಾಗ ಕಪ್ಪು ಜನರನ್ನ, ಬಿಳಿಯರನ್ನ ಬ್ಯಾರೆ ಬ್ಯಾರೆ ಕೂಡ್ಸೋ ಆ ಕಾನೂನು ಬೀಳಿಸಿದ ಕೇಸಿನಾಗ 4 ಹೆಣ್ಮಕ್ಕಳು, ಅದರಾಗ ಆಕಿನೂ ಒಬ್ಬಾಕಿ, 1956ರಾಗ ಗೆದ್ರು.

ಉತ್ತರ (ಬೀದರ್): ಖರೇ ಅಕ್ಕಾ. ಆಕಿ ಮ್ಯಾಲಿನ ಆ ಹಳೇ ಕೇಸಿನ ರೆಕಾರ್ಡ್ ಕೋರ್ಟ್ ಅಳಸಿದ್ದು 2021ರಾಗ, 66 ವರ್ಷ ಆದಮ್ಯಾಲ! ನಮ್ ಕಡಿ ಹುಡುಗಿ ನೋಡ್ಲಾಕ ಬಂದೋರು ಈಗೂ ಮೊದಲ ಬಣ್ಣಾನೇ ನೋಡ್ತಾರ, ನಿಮ್ ಕಾಲೇಜಿನಾಗ ಈ ಕಥಿ ಹೇಳ್ರಿ.